ಮೇನ್ ಇಳಿಸುವ ಮುನ್ನ ಒಂದು ಕೂಗು

೧೯೮೮ರ ಹತ್ತಿ ಹಂಗಾಮಿನಲ್ಲಿ ನಾನು ಗದಗಿನ ಒಂದು ಸಹಕಾರಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಇ.ಡಿ.ಪಿ. ವಿಭಾಗದ ಮುಖ್ಯಸ್ಥನಾಗಿದ್ದೆ. ಇ.ಡಿ.ಪಿ. ಎಂದರೆ ಎಲೆಕ್ಟ್ರಾನಿಕ್ ಡಾಟಾ ಪ್ರೊಸೆಸಿಂಗ್. ಹೆಸರು ಕೇಳಿದವರಿಗೆ ದೊಡ್ಡ ಕಚೇರಿಯೇ ಇರಬೇಕು ಎನ್ನಿಸುತ್ತಿತ್ತು. ಆ ವಿಭಾಗದಲ್ಲಿ ಇದ್ದವನು ನಾನೊಬ್ಬನೇ, ಕಂಪ್ಯೂಟರ್ ಮಾತ್ರ ಇನ್ನೂ ಬಂದಿರಲಿಲ್ಲ. ಹುಬ್ಬಳ್ಳಿಯಲ್ಲಿ ತರಬೇತಿ ಮುಗಿಸಿಕೊಂಡು ಬಂದು, ಮದುವೆ ನಿಶ್ಚಯವಾಗಿ ವಧು ಸಿಗದವನಂತೆ ಕುಳಿತಿದ್ದೆ.

ಜಿನ್ನಿಂಗ್ ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕೆಲಸ. ಹಂಗಾಮಿನಲ್ಲಿ ಡಂಬಳ, ಡೋಣಿ, ಹಿರೇವಡ್ಡಟ್ಟಿ ಕಡೆಯಿಂದ ಹತ್ತಿ ತುಂಬಿದ ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು. ರೈತನ ಹೆಸರು, ಊರು ಗೇಟಿನಲ್ಲಿ ಒಮ್ಮೆ ಬರೆಯಬೇಕು. ಹತ್ತಿ ಜಯಧರ ತಳಿಯದೋ ಡಿ.ಸಿ.ಎಚ್. ತಳಿಯದೋ ಎಂದು ನೋಡುವವರು ಇನ್ನೊಮ್ಮೆ ಬರೆಯಬೇಕು. ತೂಕದ ಕಟ್ಟೆಯಲ್ಲಿ ಮತ್ತೊಮ್ಮೆ, ಆಫೀಸಿನಲ್ಲಿ ಮಗದೊಮ್ಮೆ. ಒಂದೇ ಸಂಗತಿಯನ್ನು ನಾಲ್ವರು ನಾಲ್ಕು ಕಡೆ ಬರೆಯುವಷ್ಟರಲ್ಲಿ ಎತ್ತುಗಳು ನಿಂತಲ್ಲೇ ತೂಕಡಿಸುತ್ತಿದ್ದವು. ನಸುಕಿನಲ್ಲಿ ಬಂದ ಚಕ್ಕಡಿ ದೀಪ ಹಚ್ಚುವ ಹೊತ್ತಿಗೆ ಹೊರಬಿದ್ದರೆ ಅದೇ ಪುಣ್ಯ.

ಇದನ್ನು ಸರಿಪಡಿಸಲು ಕಂಪ್ಯೂಟರ್ ತರುವುದೆಂದು ಆಡಳಿತ ಮಂಡಳಿ ಠರಾವು ಮಾಡಿತು. ಹುಬ್ಬಳ್ಳಿಯ ಇಬ್ಬರು ವಿತರಕರು ಮುಂದೆ ಬಂದರು. ಒಬ್ಬರದು ಡಾಸ್, ಇನ್ನೊಬ್ಬರದು ಯೂನಿಕ್ಸ್. ಇವೆರಡೂ ಆಪರೇಟಿಂಗ್ ಸಿಸ್ಟಮ್‌ಗಳು, ಅಂದರೆ ಯಂತ್ರವನ್ನು ಎಬ್ಬಿಸಿ, ಅದರ ಕೈಕಾಲು ಆಡಿಸಿ, ನಮ್ಮ ಕೆಲಸಕ್ಕೆ ಹಚ್ಚುವ ಮೂಲ ಪ್ರೋಗ್ರಾಮುಗಳು. ಒಂದೊಂದು ವಾರ ಎರಡನ್ನೂ ನಮ್ಮ ಆವರಣದಲ್ಲೇ ನಡೆಸಿ, ಗುಣದೋಷ ನೋಡಿ ವರದಿ ಕೊಡುವ ಹೊಣೆ ನನ್ನ ಹೆಗಲಿಗೆ ಬಿತ್ತು.

ಅದೇ ಸಭೆಯಲ್ಲಿ ಚೇರಮನ್ ಬಸನಗೌಡರು ನನ್ನ ಕಡೆ ತಿರುಗಿ ಇನ್ನೊಂದು ಮಾತು ತೆಗೆದರು.

"ಕಂಪ್ಯೂಟರ ಬಂದ ಮ್ಯಾಲೆ ಗೇಟಿನ್ಯಾಗ ಆಫೀಸ್ ಯಾಕ ಬೇಕ್ರಿ ಜೋಶಿಯವರ? ಆ ಗಿರಿಜಾನ್ನ ಶಿರಹಟ್ಟಿ ಗೋದಾಮಿಗೆ ಹಾಕೋಣು. ಆಕಿ ಒದರೋದು ಇಲ್ಲಿ ಮೀಟಿಂಗಿನ್ಯಾಗ ಕುಂತ್ರೂ ಕೇಳಸ್ತೈತಿ."

ಗಿರಿಜಾ ನಮ್ಮ ಗೇಟಿನ ಕ್ಲಾರ್ಕು. ಬೆಟಗೇರಿಯ ನೇಕಾರರ ಮನೆಯ ಸೊಸೆ. ಮಗ್ಗದ ಸದ್ದಿನ ನಡುವೆ ಮಾತಾಡಿ ರೂಢಿಯಾಗಿದ್ದ ಆಕೆಯ ದನಿ ಆವರಣದ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಸಾಲು ತಪ್ಪಿಸುವ ಚಕ್ಕಡಿಯವರು ಆಕೆಯ ಒಂದು ಕೂಗಿಗೆ ತೆಪ್ಪಗಾಗುತ್ತಿದ್ದರು. ಗೌಡರಿಗೆ ಆ ದನಿ ಕಿರಿಕಿರಿ, ನನಗಂತೂ ಧೈರ್ಯ.

ವರ್ಗಾವಣೆಯ ಖಬರು ಆಕೆಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮರುದಿನವೇ ನನ್ನ ಟೇಬಲ್ ಮುಂದೆ ಬಂದು ನಿಂತಳು.

"ಸರ್, ನೀವು ಯಾವ ಮಷೀನರೆ ತರ್ರಿ, ನನ್ನ ಗೇಟ್ ಒಂದು ಉಳಸ್ರಿ. ಮಧ್ಯಾಹ್ನ ಊಟದ ಭೋಂಗಾ ಊದಿದ ಕೂಡ್ಲೆ ನಾ ಮನಿಗೆ ಹೋಗಿ ನಮ್ಮ ಅತ್ತೀಗೆ ಉಣಸಬೇಕು. ಆಕಿಗೆ ಕೈ ಏಳಂಗಿಲ್ಲ. ಶಿರಹಟ್ಟಿಗೆ ಹಾಕಿದ್ರ ಯಾರ್ ಉಣಸ್ತಾರ?"

ನನಗೆ ನಿಜವಾಗಿಯೂ ಸಂಕಟವಾಯಿತು. ಯಂತ್ರಗಳನ್ನು ಹೋಲಿಸಿ ನೋಡುವುದೆಂದರೆ ವೇಗ, ಮೆಮೊರಿ, ಡಿಸ್ಕು ಎಂದುಕೊಂಡಿದ್ದವನ ಮುಂದೆ ಒಬ್ಬ ಮುದುಕಿಯ ಮಧ್ಯಾಹ್ನದ ಊಟ ಬಂದು ಕುಳಿತಿತ್ತು.

ಮೊದಲ ವಾರ ಡಾಸ್. ಎರಡು ಯಂತ್ರಗಳು ಬಂದವು, ಒಂದು ತೂಕದ ಕಟ್ಟೆಗೆ, ಒಂದು ಆಫೀಸಿಗೆ. ಡಾಸ್‌ನ ಗುಣ ಮೊದಲು ಹೇಳಬೇಕು. ಅದು ಬಡವರ ಮನೆಯ ಮಗುವಿನಂತೆ, ಯಾರ ಕೈಗೆ ಕೊಟ್ಟರೂ ಅಳುತ್ತಿರಲಿಲ್ಲ. ಕಲಿಸುವುದು ಸುಲಭ. ದಢಕ್ಕನೆ ಕರೆಂಟು ಹೋದರೂ, ಆ ಗಳಿಗೆಯಲ್ಲಿ ಟೈಪು ಮಾಡುತ್ತಿದ್ದುದು ಹೋಗುತ್ತಿತ್ತೇ ವಿನಾ ಉಳಿದದ್ದೆಲ್ಲ ಸಾಮಾನ್ಯವಾಗಿ ಜಾಗದಲ್ಲೇ ಇರುತ್ತಿತ್ತು.

ಆದರೆ ಅದು ಒಂದು ಹೊತ್ತಿಗೆ ಒಬ್ಬರ ಕೆಲಸವನ್ನಷ್ಟೇ ಮಾಡುತ್ತಿತ್ತು. ತೂಕದ ಕಟ್ಟೆಯ ಯಂತ್ರಕ್ಕೆ ಗೊತ್ತಿದ್ದುದು ಆಫೀಸಿನ ಯಂತ್ರಕ್ಕೆ ಗೊತ್ತಾಗಬೇಕಾದರೆ ಫ್ಲಾಪಿ ಎಂಬ ತೆಳು ತಟ್ಟೆಗೆ ತುಂಬಿಕೊಂಡು ಆವರಣ ದಾಟಬೇಕಿತ್ತು. ಅಲ್ಲಿ ಗಾಳಿಯೇ ಹತ್ತಿ. ಹತ್ತಿಯೆಳೆ ಸಿಕ್ಕಿಕೊಂಡ ಫ್ಲಾಪಿಯನ್ನು ಯಂತ್ರ ಓದಲು ಒಪ್ಪುತ್ತಿರಲಿಲ್ಲ. ಡೋಣಿಯ ಒಬ್ಬ ರೈತನ ಹತ್ತಿ ಒಂದು ಯಂತ್ರದಲ್ಲಿ ಜಯಧರ, ಇನ್ನೊಂದರಲ್ಲಿ ಡಿ.ಸಿ.ಎಚ್. ಆಗಿ ಕುಳಿತದ್ದೂ ಉಂಟು. ಇನ್ನು ಗೇಟಿಗೆ ಆ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ. ಡಾಸ್ ಗೆದ್ದರೆ ಗಿರಿಜಾ ಶಿರಹಟ್ಟಿಯ ಬಸ್ಸು ಹತ್ತುವುದು ಖಾತ್ರಿಯಾಗಿತ್ತು.

ಎರಡನೆಯ ವಾರ ಯೂನಿಕ್ಸ್ ಬಂತು. ಆಫೀಸಿನಲ್ಲಿ ಒಂದೇ ಯಂತ್ರ, ಅದರಿಂದ ಕೇಬಲ್ ಎಳೆದು ನಾಲ್ಕು ಟರ್ಮಿನಲ್. ಟರ್ಮಿನಲ್ ಎಂದರೆ ಬರೀ ಪರದೆ ಮತ್ತು ಕೀಬೋರ್ಡು, ಬುದ್ಧಿಯೆಲ್ಲ ಆಫೀಸಿನಲ್ಲಿ. ಗೇಟಿನಲ್ಲಿ ಗಿರಿಜಾ ಹೆಸರು ಹೊಡೆದರೆ ತೂಕದ ಕಟ್ಟೆಯ ಪರದೆಯಲ್ಲಿ ಅದು ಆಗಲೇ ಕಾಣುತ್ತಿತ್ತು. ಯಾರು ಏನನ್ನು ತಿದ್ದಬಹುದು, ಯಾರು ಬರೀ ನೋಡಬಹುದು ಎಂಬುದಕ್ಕೂ ಕಟ್ಟುನಿಟ್ಟು. ಚಕ್ಕಡಿಗಳು ಸರಸರ ಸರಿಯತೊಡಗಿದವು. ನಾನು ಒಳಗೊಳಗೇ ಹಿಗ್ಗಿ, ವರದಿಯ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದುಕೊಂಡೆ.

ಆ ಹಿಗ್ಗು ಮಧ್ಯಾಹ್ನದ ಭೋಂಗಾದವರೆಗೆ ಮಾತ್ರ ಇತ್ತು.

ಹತ್ತಿ ಕಾರ್ಖಾನೆಯಲ್ಲಿ ಬೆಂಕಿಯ ಭಯ ಸದಾ ಇರುತ್ತದೆ. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇತ್ತು. ಊಟದ ಭೋಂಗಾ ಆದ ಮೇಲೆ ಪ್ರತಿ ಜಿನ್ನಿನವನೂ ತನ್ನ ಯಂತ್ರದ ರೋಲರಿನಲ್ಲಿ ಸಿಕ್ಕಿದ ಹತ್ತಿ ಬಿಡಿಸಿ, ನಿಲ್ಲಿಸಿ, "ಬಂದ್!" ಎಂದು ಕೂಗಬೇಕು. ಕೊನೆಯ ಜಿನ್ನಿನ ಕೂಗು ಬಂದ ಮೇಲೆ ವೈರ್‌ಮನ್ ಮಾಬುಸಾಬ ಇಡೀ ಆವರಣದ ಮೇನ್ ಸ್ವಿಚ್ ಇಳಿಸುತ್ತಿದ್ದ. ಜನ ಊಟಕ್ಕೆ ಕುಳಿತಾಗ ಆವರಣದ ಒಂದು ತಂತಿಯಲ್ಲೂ ಕರೆಂಟು ಇರಕೂಡದು. ಆ ದಿನವೂ ಆತ ಎಂದಿನಂತೆ ಇಳಿಸಿದ.

ಯೂನಿಕ್ಸಿಗೆ ಇದನ್ನು ಸಹಿಸಲಾಗಲಿಲ್ಲ. ಕೆಲಸ ಚುರುಕಾಗಲೆಂದು ಅದು ಮಾಹಿತಿಯನ್ನು ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಆಮೇಲೆ ಸಾವಕಾಶವಾಗಿ ಡಿಸ್ಕಿಗೆ ಬರೆಯುತ್ತದೆ. ನಿಲ್ಲಿಸುವ ಮುನ್ನ ಎಲ್ಲ ಟರ್ಮಿನಲ್ಲುಗಳಿಂದ ಹೊರಬಂದು, ಶಟ್‌ಡೌನ್ ಎಂಬ ಆಜ್ಞೆ ಕೊಟ್ಟು, ಅದು ಬರೆದು ಮುಗಿಸುವವರೆಗೆ ಕಾಯಬೇಕು. ಊಟವಾದ ಮೇಲೆ ಮೇನ್ ಏರಿಸಿದಾಗ ಯಂತ್ರ ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡುತ್ತ, ನನಗೆ ಅರ್ಥವಾಗದ ಪ್ರಶ್ನೆ ಕೇಳುತ್ತ ಕುಳಿತುಬಿಟ್ಟಿತು. ಕೊನೆಗೆ ಅದು ಎದ್ದು ನಿಂತಾಗ ಬೆಳಗಿನ ಕೆಲವು ಹೆಸರುಗಳೇ ಇರಲಿಲ್ಲ. ಡಂಬಳದ ಹಿರಿಯರೊಬ್ಬರನ್ನು ಮತ್ತೆ ಹೆಸರು ಕೇಳಿದ್ದಕ್ಕೆ ಅವರು ರುಮಾಲು ಸರಿಪಡಿಸಿಕೊಂಡು, "ಮುಂಜಾನೆ ಹೇಳೇನಲ್ರಿ! ನಾ ಯಾರಂತ ಇದಕ್ಕೂ ಮರ್ತು ಹೋತೇನು?" ಎಂದರು.

ಗೌಡರು ಬಂದು ನೋಡಿದರು. "ಜೋಶಿಯವರ, ಇದು ಮನಿ ಅಳಿಯ ಇದ್ದಂಗ ಐತಿ. ಎಬ್ಬಸಾಕೂ ಮರ್ಯಾದಿ ಬೇಕು, ಮಲಗಸಾಕೂ ಮರ್ಯಾದಿ ಬೇಕು. ಡಾಸೇ ಇರ್ಲಿ ಬಿಡ್ರಿ."

ಯೂನಿಕ್ಸಿನ ಇಂಜಿನಿಯರು ಬಿಡಲಿಲ್ಲ. ಮೇನ್ ತಪ್ಪಿಸಿ ಕಂಪ್ಯೂಟರಿಗೆಂದೇ ಬೇರೆ ಲೈನ್ ಎಳೆಯೋಣ ಎಂದ. ಮಾಬುಸಾಬ ಎಡಗೈ ಅಂಗಿಯ ತೋಳು ಸರಿಸಿ ಹಳೆಯ ಸುಟ್ಟ ಗಾಯ ತೋರಿಸಿದ.

"ಆಗಂಗಿಲ್ರಿ ಸಾಹೇಬ್ರ. ಹತ್ತಿಗೆ ಕಿಡಿ ಬಿದ್ರ ನಿಮ್ಮ ಮಷೀನೂ ಉಳಿಯಂಗಿಲ್ಲ, ನಾವೂ ಉಳಿಯಂಗಿಲ್ಲ."

ನಾನು ಮಾಬುಸಾಬನ ಕಡೆಗೇ ನಿಂತೆ. ಒಂದು ಯಂತ್ರದ ಸಲುವಾಗಿ ಇಡೀ ಕಾರ್ಖಾನೆಯ ಜೀವದ ಮೇಲಿನ ಕಟ್ಟಳೆಯನ್ನು ಸಡಿಲಿಸುವುದು ನನಗೆ ಸರಿ ಕಾಣಲಿಲ್ಲ. ಕರೆಂಟು ಹೋದರೂ ಯಂತ್ರವನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ತರಿಸೋಣವೆಂದರೆ ಅದು ಬರಲು ತಿಂಗಳು ಬೇಕಿತ್ತು, ನಮ್ಮ ಕೈಯಲ್ಲಿ ಇದ್ದುದು ಆ ವಾರವಷ್ಟೇ. ಇತ್ತ ಮಾಬುಸಾಬನದು ಸರಿ, ಅತ್ತ ಯೂನಿಕ್ಸ್ ಬೇಕು, ನಡುವೆ ಗಿರಿಜಾಳ ಮುಖ ನೋಡಲು ಧೈರ್ಯವಾಗದು. ಚಹಾ ತರಿಸಿ ಎಲ್ಲರೂ ಮೇನ್ ಸ್ವಿಚ್ಚಿನ ಕೋಣೆಯ ಮುಂದೆ ನಿಂತು ಕುಡಿದೆವು. ಆ ಕೋಣೆ ಗೇಟಿಗೆ ಅಂಟಿಕೊಂಡೇ ಇತ್ತು. ಕಿಟಕಿಯಿಂದ ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ ಗಿರಿಜಾ ಹೊರಗೆ ಬಂದಳು.

"ಮಾಬು ಕಾಕಾ, ಜಿನ್ನಿನವರೆಲ್ಲ ಬಂದ್ ಅನ್ನೂತನ ನೀವು ಮೇನ್ ಮುಟ್ಟಂಗಿಲ್ಲ, ಹೌದಿಲ್ರಿ? ಹಂಗಾರ ಈ ಮಷೀನೂ ಒಂದು ಜಿನ್ ಅಂತ ತಿಳ್ಕೊರಿ. ಇದರ ಬಂದ್ ನಾ ಹೇಳ್ತೀನಿ."

ಮಾಬುಸಾಬ ಬಟ್ಟಲು ಕೆಳಗಿಟ್ಟ. "ಹಂಗಂದ್ರ ಆತವ್ವ. ಖರೆ, ದನಿ ನನಗ ಮುಟ್ಟಬೇಕು ನೋಡು. ಜಿನ್ ತಿರಗೂವಾಗ ಆಫೀಸಿನವರು ಒದರಿದ್ದು ನನಗ ಕೇಳಂಗಿಲ್ಲ."

"ನನ್ನ ದನಿ ಶಿರಹಟ್ಟಿತನಕ ಹೋಗತೈತಂತ, ಇಲ್ಲಿ ಕೇಳಂಗಿಲ್ಲೇನ್ರಿ?" ಎಂದಳು ಗಿರಿಜಾ. ಗೌಡರು ಗಂಟಲು ಸರಿಪಡಿಸಿಕೊಂಡು ಜಿನ್ನುಗಳ ಕಡೆ ನೋಡತೊಡಗಿದರು.

ಮರುದಿನ ಹಾಗೆಯೇ ಮಾಡಿದೆವು. ಭೋಂಗಾ ಆಯಿತು. ನಾಲ್ಕೂ ಟರ್ಮಿನಲ್ಲಿನವರು ಕೆಲಸ ಮುಗಿಸಿ ಹೊರಬಂದರು. ನಾನು ಆಫೀಸಿನಲ್ಲಿ ಶಟ್‌ಡೌನ್ ಕೊಟ್ಟು, ಇನ್ನು ಕರೆಂಟು ತೆಗೆಯಬಹುದು ಎಂದು ಪರದೆ ಹೇಳಿದ ಕೂಡಲೇ ಬಾಗಿಲಿಗೆ ಬಂದು ಗೇಟಿನ ಕಡೆ ಕರವಸ್ತ್ರ ಬೀಸಿದೆ. ಒಳಗೆ ಜಿನ್ನುಗಳು ಒಂದೊಂದಾಗಿ ಬಂದ್, ಬಂದ್ ಎನ್ನುತ್ತಿದ್ದವು. ಅವೆಲ್ಲದರ ಮೇಲೆ ಗೇಟಿನಿಂದ ಆ ದನಿ ಬಂತು: "ಕಂಪ್ಯೂಟರ್ ಬಂದ್!"

ಮಾಬುಸಾಬ ಮೇನ್ ಇಳಿಸಿದ. ಊಟದ ನಂತರ ಕರೆಂಟು ಬಂದಾಗ ಯಂತ್ರ ಒಂದೂ ಪ್ರಶ್ನೆ ಕೇಳದೆ ಎದ್ದು ಕುಳಿತಿತು. ಬೆಳಗಿನ ಎಲ್ಲ ಹೆಸರುಗಳೂ ಇದ್ದವು. ಅಷ್ಟು ಖುಷಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ವಾರದ ಕೊನೆಗೆ ವರದಿ ಕೊಟ್ಟೆ. ಡಾಸ್‌ನ ಸರಳತೆಯನ್ನು ಮನಸಾರೆ ಹೊಗಳಿ, ಪತ್ರ ಟೈಪು ಮಾಡಲು ಅದರ ಒಂದು ಯಂತ್ರ ಇರಲಿ ಎಂದೆ. ನಾಲ್ವರು ಒಂದೇ ಕೆಲಸ ಹಂಚಿಕೊಂಡು ಮಾಡುವ ಆವರಣಕ್ಕೆ ಮಾತ್ರ ಯೂನಿಕ್ಸ್ ಎಂದೆ. ಹೇಳದೆ ಕೇಳದೆ ಕರೆಂಟು ಹೋದಾಗ ಅದು ಕಾಡಿಸುತ್ತದೆ, ಅದಕ್ಕೆ ಆಮೇಲೆ ಬ್ಯಾಟರಿ ಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. ಗೌಡರು ಓದಿ, ಕನ್ನಡಕ ತೆಗೆದು, ನನ್ನ ಕಡೆ ನೋಡಿದರು.

"ಅಂದ್ರ ಗೇಟ್ ಮುಚ್ಚೂವಂಗಿಲ್ಲ ಅಂತೀರಿ."

"ಇಲ್ರಿ. ಮುಚ್ಚಿದ್ರ ಈ ಅಳಿಯನ್ನ ಮಲಗಸವರು ಯಾರು?"

ಗೌಡರು ನಕ್ಕು ಸಹಿ ಹಾಕಿದರು.

ಆಮೇಲೆ ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಎಷ್ಟೋ ಸಂಘಗಳಿಗೆ ಯಂತ್ರ ಆರಿಸಿಕೊಟ್ಟೆ. ವಿತರಕರು ವೇಗದ ಲೆಕ್ಕ ಬಿಚ್ಚುವ ಮುನ್ನವೇ ನಾನು ಆ ಕಚೇರಿಯವರನ್ನು ಕೇಳುತ್ತಿದ್ದೆ: "ಮಧ್ಯಾಹ್ನ ಇಲ್ಲಿ ಮೇನ್ ಯಾರು ಇಳಿಸ್ತಾರ?" ಕೆಲವರು ನಗುತ್ತಿದ್ದರು. ಯಾವ ಸಿಸ್ಟಮ್ ಒಳ್ಳೆಯದು ಎಂಬ ಪ್ರಶ್ನೆಗೆ ಯಂತ್ರದೊಳಗೆ ಉತ್ತರ ಸಿಗುವುದಿಲ್ಲ, ಅದರ ಸುತ್ತ ದುಡಿಯುವವರ ರೂಢಿಯಲ್ಲಿ ಸಿಗುತ್ತದೆ ಎಂಬುದು ನನ್ನ ಕೆಲಸ ನನಗೆ ಕಲಿಸಿದ ಪಾಠ. ಗಿರಿಜಾಳ ಆ ಕೂಗು ಮೊದಲು ಕೇಳಿದ ಮಧ್ಯಾಹ್ನವೂ ನನ್ನ ಕಣ್ಣ ಮುಂದೆ ಹಾಗೇ ಇದೆ. ಮೇನ್ ಇಳಿದು ಆವರಣವೆಲ್ಲ ಗಪ್ಪಾದಾಗ ನಾನು ಗೇಟಿನ ಕಡೆ ನೋಡಿದೆ. ಕುರ್ಚಿ ಖಾಲಿ ಇತ್ತು. ಗಿರಿಜಾ ಆಗಲೇ ಸೆರಗು ತಲೆಗೆ ಹೊದ್ದು ಬೆಟಗೇರಿಯ ದಾರಿ ಹಿಡಿದಿದ್ದಳು, ಅತ್ತೆಗೆ ಉಣ್ಣಿಸಲು.