ಅದೇ ಸಿನಿಮಾ, ಮೂರನೇ ಸಲ

ಆ ಹಳೆಯ ಕನ್ನಡ ಹಾಸ್ಯಚಿತ್ರವನ್ನು ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿಡಿಯಲ್ಲಿ ಕೊಂಡಿದ್ದೆ. ಈಗ ಎಚ್‌ಡಿ ಡಿಸ್ಕನ್ನೂ ತರಿಸಿದೆ. ಮುಂಬಯಿ ಪಕ್ಕದ ಈ ಡೊಂಬಿವ್ಲಿಯಲ್ಲೇ ಹುಟ್ಟಿ ಬೆಳೆದ ಮಗ ಗೊಣಗಿದ, "ಮೊಬೈಲ್‌ನಲ್ಲಿ ಫ್ರೀ ಉಂಟಲ್ಲಮ್ಮ, ಪೈಸೆ ಯಾಕೆ ವೇಸ್ಟ್?"

ಉಂಟು. ಆದರೆ ಅದರಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇಲ್ಲ. ಕನ್ನಡ ಬಾರದ ನನ್ನ ಮರಾಠಿ ಸೊಸೆ ಇಷ್ಟು ವರ್ಷ ನಮ್ಮ ಮುಖ ನೋಡಿಕೊಂಡೇ ನಕ್ಕಿದ್ದಾಳೆ. ನಾನು ಅರ್ಥ ಹೇಳುವಷ್ಟರಲ್ಲಿ ಜೋಕು ತಣ್ಣಗಾಗಿರುತ್ತಿತ್ತು.

ಭಾನುವಾರ ಡಿಸ್ಕ್ ಹಾಕಿದೆ. ನಟ ಮಾತು ಮುಗಿಸುವ ಮೊದಲೇ ಅವಳು ಕೆಳಗಿನ ಸಾಲು ಓದಿ ಬಿದ್ದು ಬಿದ್ದು ನಕ್ಕಳು. ಮೊಬೈಲಿನಿಂದ ತಲೆಯೆತ್ತಿದ ಮಗ ಏನಾಯಿತೆಂದು ಅವಳನ್ನೇ ಮರಾಠಿಯಲ್ಲಿ ಕೇಳಿದ. ಅವಳು ಬಿಡಿಸಿ ಹೇಳಿದ ಮೇಲೆ ಅವನೂ ನಕ್ಕ.

ನಾಲ್ಕನೇ ಸಲವೂ ಕೊಳ್ಳುತ್ತೇನೆ. ಯಾರು ಬೇಡ ಅನ್ನುತ್ತಾರೋ ನೋಡೋಣ.