ಬೇಹಿ ಹಣ್ಣಿಗೆ ಕ್ಷೌರ

ಸಬೋಹತಳ ಅಡುಗೆಮನೆ ಚಾಕುವಿನ ಮೇಲೆ ಕೂತು ಕೋಕಂದಿನಿಂದ ತಾಷ್ಕೆಂಟಿಗೆ ಹೋಗಿಬರಬಹುದು, ಕೂತ ಜಾಗಕ್ಕೆ ಒಂದು ಗೀರೂ ಬೀಳುವುದಿಲ್ಲ ಎಂದು ನಮ್ಮ ಓಣಿಯಲ್ಲಿ ಮಾತಿತ್ತು. ಶಿಶುವಿಹಾರದಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವಳು. ಅವಳು ಗಜ್ಜರಿ ಹೆಚ್ಚಿದರೆ ತುಂಡುಗಳು ಹಾರಿ ಅಂಗಳಕ್ಕೆ ಬಿದ್ದು, ಮಕ್ಕಳು ಹಿಡಿಯಲು ಓಡುತ್ತಿದ್ದರಂತೆ. ಮಾತು, ನಗು, ನಡಿಗೆ ಎಲ್ಲದರಲ್ಲೂ ಅವಸರ. ಇಂಥವಳು ಮಾವನ ಕ್ಷೌರದ ಕತ್ತಿ ಮಸೆಯಲು ಕೂತಳು ಎಂದಾಗ ನಾನು ಓಣಿಗೆಲ್ಲ ಕೇಳುವಂತೆ ನಕ್ಕೆ. ಆ ನಗುವನ್ನು ನುಂಗಿಕೊಂಡೇ ಈಗ ಇದನ್ನು ಹೇಳುತ್ತಿದ್ದೇನೆ.

ನಾನು ತೋಲಿಬ್, ಓಣಿಯ ತುದಿಯ ಕ್ಷೌರದಂಗಡಿಯವನು. ಅವಳ ಮಾವ ಹೋಲ್ಮತ್ ಉಸ್ತಾ ನನ್ನ ಗುರು. ಐವತ್ತು ವರ್ಷ ಈ ಓಣಿಯಲ್ಲಿ ಹುಟ್ಟಿದ ಪ್ರತಿ ಕೂಸಿನ ಹುಟ್ಟುಗೂದಲನ್ನು ನಲವತ್ತನೆಯ ದಿನ ತೆಗೆದವರು ಅವರು, ಅದೂ ಒಂದೇ ಕತ್ತಿಯಿಂದ. ನನ್ನ ಮಕ್ಕಳ ತಲೆಯೂ ಆ ಕತ್ತಿಯನ್ನು ಕಂಡದ್ದೇ. ಈಗ ಅವರಿಗೆ ಎಂಬತ್ತೊಂದು. ಕಣ್ಣು ಮಂಜು, ಕೈ ನಡುಕ. ಈ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಸಬೋಹತಳ ಮಗನಿಗೆ ಗಂಡುಮಗು ಹುಟ್ಟಿತು. ಕಂಡವರ ಮಕ್ಕಳಿಗೆಲ್ಲ ಸಿಕ್ಕ ಕತ್ತಿ ಸ್ವಂತ ಮರಿಮೊಮ್ಮಗನಿಗೆ ಸಿಗುವುದಿಲ್ಲವಲ್ಲ ಎಂಬ ಕೊರಗು ಮುದುಕರ ಊಟ ನಿಲ್ಲಿಸಿಬಿಟ್ಟಿತು.

ನಾನು ಮಾಡಿಕೊಡುತ್ತೇನೆ ಎಂದು ಹೋದೆ. ಉಸ್ತಾಗೆ ನನ್ನ ಮೇಲೆ ಹಳೆಯ ಮುನಿಸು. ಹದಿನೆಂಟು ವರ್ಷದ ಹಿಂದೆ ನಾನು ಮಸೆಯುವ ಕತ್ತಿ ಬಿಟ್ಟು, ಗಿರಾಕಿಗೊಂದು ಬ್ಲೇಡು ಸಿಕ್ಕಿಸಿ ಬಿಸಾಡುವ ಪದ್ಧತಿಗೆ ಬಂದವನು.

“ಹರಿತಾನ ಅಂಗಡೀಲಿ ಕೊಂಡ್ಕೊಳ್ಳೋನು ನೀನು. ನಮ್ಮನೆ ಕೂಸಿನ ತಲೆ ಮುಟ್ಬೇಡ,” ಅಂದರು.

ಟೀ ತಂದ ಸಬೋಹತ್ ಬಟ್ಟಲನ್ನು ಕೆಳಗಿಟ್ಟವಳೇ, “ನಂಗೆ ಕಲ್ಸಿ ಮಾವ. ಇನ್ನೂ ಮೂವತ್ತಾರು ದಿನ ಇದೆಯಲ್ಲ,” ಅಂದಳು.

ಉಸ್ತಾ ಷರತ್ತು ಹಾಕಿದರು. ಅವರ ಅಂಗಳದಲ್ಲಿ ಸೇಬಿನ ಜಾತಿಯ ಬೇಹಿ ಮರ. ಮರದ ತುಂಬ ಹಳದಿ ಹಣ್ಣು, ಹಣ್ಣಿನ ಮೈತುಂಬ ಎಳೆಗೂಸಿನ ತಲೆಯ ಹಾಗೆ ತುಪ್ಪುಳು. ಸಿಪ್ಪೆಗೆ ಗಾಯವಾಗದಂತೆ ಆ ತುಪ್ಪುಳನ್ನು ಬೋಳಿಸಬೇಕು. ಗಾಯ ಆ ಕ್ಷಣಕ್ಕೆ ಕಾಣುವುದಿಲ್ಲ, ಬೆಳಗಾದರೆ ಕಂದು ಗೆರೆಯಾಗಿ ಎದ್ದಿರುತ್ತದೆ. ಮೊದಲು ಗೆರೆಯಿಲ್ಲದ ಹಣ್ಣು, ಆಮೇಲೆ ಉಸ್ತಾರ ತಲೆ, ಕೊನೆಗೆ ಕೂಸಿನ ತಲೆ.

ಮೊದಲ ವಾರ ಅವಳು ಮಸೆದ ಕತ್ತಿ ಬೆಣ್ಣೆಯನ್ನೂ ಕೇಳಿಕೊಂಡು ಕೊಯ್ಯುವಂತಿತ್ತು. ಕಲ್ಲು ಸರಿಯಿಲ್ಲ ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಅಂಗಡಿಯಲ್ಲಿ ಸಾರಿದೆ. ತಪ್ಪು ಅವಳ ಕೈಯಲ್ಲಿತ್ತು. ಹಿಟ್ಟು ನಾದುವ ಕೈ, ಒತ್ತುತ್ತಿತ್ತು. ಉಸ್ತಾ ಹಾಸಿಗೆಯಿಂದಲೇ ಸದ್ದು ಕೇಳಿ ತಿದ್ದುತ್ತಿದ್ದರು: ಕತ್ತಿಯ ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿರಲಿ, ಕತ್ತಿಯ ಭಾರವೇ ಸಾಕು, ಕಲ್ಲಿನ ಮೇಲೆ ಬಾಯಿ ಮುಂದು, ಕೊನೆಗೆ ನುಣುಪು ಕೊಡುವ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದು, ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸು. ದಿನಕ್ಕೊಂದು ಬೇಹಿ, ಬೆಳಗ್ಗೆ ನೋಡಿದರೆ ಹಣ್ಣಿನ ಮೈಯೆಲ್ಲ ಗೆರೆ. ಗೆರೆಬಿದ್ದ ಹಣ್ಣನ್ನು ಎಸೆಯಲಾದೀತೇ? ಆ ಮನೆಯವರು ಪಲಾವಿಗೆ ಬೇಹಿ, ಟೀಗೆ ಬೇಹಿ, ರೊಟ್ಟಿಗೆ ಬೇಹಿಯ ಮುರಬ್ಬ ತಿಂದು ಸುಸ್ತಾದರು.

ಕೂಸು ಹುಟ್ಟಿದ ಇಪ್ಪತ್ತನೆಯ ದಿನ ಅವಳಿಗೊಂದು ಉಪಾಯ ಹೊಳೆಯಿತು, ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ತನ್ನ ಸೊಸೆಯ ಕಾಡಿಗೆ ಡಬ್ಬಿ ತಂದು ಕತ್ತಿಯ ಬಾಯಿಗುಂಟ ಹಚ್ಚಿದಳು. ನಾಲ್ಕು ಸಲ ಮಸೆದು ನೋಡಿದರೆ ನಡುವಿನ ಕಾಡಿಗೆ ಅಳಿಸಿತ್ತು, ತುದಿಯದು ಹಾಗೇ ಇತ್ತು. ಅಂದರೆ ತುದಿ ಕಲ್ಲನ್ನು ಮುಟ್ಟಿಯೇ ಇರಲಿಲ್ಲ! ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಪಾರಿವಾಳಗಳು ಎದ್ದವು. ಐವತ್ತು ವರ್ಷದಲ್ಲಿ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ಉಸ್ತಾ ಬೊಚ್ಚುಬಾಯಲ್ಲಿ ನಕ್ಕರಂತೆ, ಆ ದಿನ ಎರಡು ರೊಟ್ಟಿ ತಿಂದರಂತೆ. ನನ್ನ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತಿತು.

ಕೂಸಿನ ಮೂವತ್ತಾರನೆಯ ದಿನ ಬೆಳಗ್ಗೆ ತಲೆವಸ್ತ್ರ ಜಾರಿದ್ದೂ ಗೊತ್ತಾಗದೆ ನನ್ನ ಅಂಗಡಿಗೆ ಓಡಿಬಂದಳು. ಗಿರಾಕಿಯ ಮುಖದಲ್ಲಿ ನೊರೆ ಇರುವಾಗಲೇ ನನ್ನ ಕೈಗೆ ಬೇಹಿ ಇಟ್ಟಳು. ನುಣ್ಣಗಿನ ಹಣ್ಣು. ತಿರುಗಿಸಿ ತಿರುಗಿಸಿ ನೋಡಿದೆ, ಒಂದು ಗೆರೆಯಿಲ್ಲ. ನನಗೆ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ?

ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ಮುಂದಿನ ಮೂರು ದಿನ ಅವಳು ಮನೆಮನೆಗೆ ಕತ್ತಿ ಹಿಡಿದು ಹೋದಳು. ಅಲ್ಲೊಂದು ಹಣ್ಣು ಬೋಳಿಸಿದಳು, ಇಲ್ಲೊಬ್ಬಳ ತೋಳಿನ ಕೂದಲು ತೆಗೆದಳು, ಮತ್ತೊಬ್ಬಳ ಜಡೆಯ ಎಳೆಯನ್ನು ಗಾಳಿಯಲ್ಲೇ ತುಂಡರಿಸಿ ತೋರಿಸಿದಳು. ಪ್ರತಿ ಚಪ್ಪಾಳೆಗೂ ಕತ್ತಿಯ ಬಾಯಿ ಒಂದಿಷ್ಟು ಸವೆಯಿತು.

ನಲವತ್ತನೆಯ ದಿನ ಅಂಗಳದಲ್ಲಿ ಪಲಾವಿನ ಕಡಾಯಿ ಏರಿತ್ತು, ಓಣಿಯೇ ನೆರೆದಿತ್ತು. ಉಸ್ತಾ ಟೋಪಿ ತೆಗೆದು ತಲೆಯೊಡ್ಡಿದರು. ಸಬೋಹತ್ ಕತ್ತಿಯನ್ನು ಎರಡು ಸಲ ಎಳೆದಿದ್ದಳಷ್ಟೆ, ಅವರು ಕೈ ಎತ್ತಿದರು.

“ಬೋಳಿಸ್ತಿಲ್ಲ, ಕೀಳ್ತಿದೆ.”

ಅವಳು ಕಲ್ಲು ತರಲು ಎದ್ದಳು. ಉಸ್ತಾ ತಡೆದರು: “ಕಲ್ಲು ಬೇಡ. ಬಾಯಿ ಸತ್ತಿಲ್ಲ, ದಣಿದಿದೆ. ಚರ್ಮದ ಮೇಲೆ ಎಳಿ, ಸಾಕು.”

ಆಗ ಅವಳು ಅಲ್ಲೇ ಕುಸಿದು ಕೂತಳು. ಹಿಂದಿನ ದಿನ ಅವಸರದಲ್ಲಿ ಕತ್ತಿಯನ್ನು ಬಾಯಿಯ ಮೇಲೆ ತಿರುಗಿಸಿ ಚರ್ಮದ ಪಟ್ಟಿಯನ್ನೇ ಅರ್ಧ ಕೊಯ್ದಿದ್ದಳು, ಹೇಳಲು ಹೆದರಿ ಮುಚ್ಚಿಟ್ಟಿದ್ದಳು. ಇದನ್ನು ಎಲ್ಲರೆದುರು ಅಳುತ್ತ ಹೇಳಿದಳು. ಉಸ್ತಾ ಬೈಯಲಿಲ್ಲ. ಟೋಪಿಯನ್ನು ತಡಕಾಡಿ ಮತ್ತೆ ಹಾಕಿಕೊಂಡರು. ಅದನ್ನು ನೋಡಲಾಗಲಿಲ್ಲ.

ನನ್ನ ಜೇಬಿನಲ್ಲಿ ಹೊಸ ಬ್ಲೇಡುಗಳಿದ್ದವು. ಈಗ ನನ್ನನ್ನೇ ಕರೆಯಬೇಕು ಎಂದು ಒಂದು ಗಳಿಗೆ ಖುಷಿಪಟ್ಟೆ, ಅಂಥ ನೀಚ ನಾನು. ಮರುಗಳಿಗೆ ನನ್ನ ಅಂಗಡಿಯ ಗೋಡೆ ಕಣ್ಣಿಗೆ ಕಟ್ಟಿತು. ಕಲಿಕೆ ಮುಗಿದ ದಿನ ಉಸ್ತಾ ಆಶೀರ್ವಾದ ಮಾಡಿ ನನ್ನ ಸೊಂಟಕ್ಕೆ ಕಟ್ಟಿದ ಚರ್ಮದ ಪಟ್ಟಿ ಹದಿನೆಂಟು ವರ್ಷದಿಂದ ಅಲ್ಲಿ ಅಲಂಕಾರಕ್ಕೆ ತೂಗುತ್ತಿತ್ತು. ಓಡಿದೆ. ಈ ಹೊಟ್ಟೆ ಹೊತ್ತುಕೊಂಡು, ಚಪ್ಪಲಿ ಬಿಟ್ಟು ಓಡಿದೆ.

ಉಸ್ತಾ ಪಟ್ಟಿಯನ್ನು ಬೆರಳಲ್ಲಿ ಸವರಿ, ಇದನ್ನು ಉಪವಾಸ ಕೆಡವಿದ್ದೀಯಲ್ಲೋ ಎಂದು ಗೊಣಗಿದರು. ಕಡಾಯಿಯ ಬಳಿಯಿಂದ ಕುರಿಯ ಬಾಲದ ಕೊಬ್ಬು ತರಿಸಿ, ನಡುಗುವ ಅಂಗೈಯಿಂದ ತಾವೇ ತಿಕ್ಕಿದರು. ಒಂದು ತುದಿ ಕಿಟಕಿಯ ಕೊಕ್ಕೆಗೆ, ಇನ್ನೊಂದು ನನ್ನ ಕೈಗೆ. ಸಬೋಹತ್ ಕಣ್ಣೊರೆಸಿಕೊಂಡು ಕತ್ತಿ ಎತ್ತಿದಳು. ಅವಳು ನಿಧಾನವಾಗಿ ಮಾಡಿದ ಕೆಲಸವನ್ನು ನಾನು ಕಂಡದ್ದು ಅದೇ ಮೊದಲು. ಹೋಗುತ್ತ ಒಂದು ಸದ್ದು, ಹೊರಳಿ ಬರುತ್ತ ಒಂದು ಸದ್ದು. ಅರವತ್ತನೆಯ ಎಳೆತಕ್ಕೆ ಉಸ್ತಾ ಸಾಕೆಂದು ಕೈ ಮಾಡಿ ಟೋಪಿ ತೆಗೆದರು.

ಸ್ವಲ್ಪ ಹೊತ್ತಾದ ಮೇಲೆ ಮುದುಕರು ಸಿಡುಕಿದರು.

“ಇನ್ನೂ ಎಷ್ಟು ಹೊತ್ತು? ಶುರು ಮಾಡೇ.”

“ಅರ್ಧ ತಲೆ ಆಯ್ತು ಮಾವ,” ಅಂದಳು.

ಅಂಗಳವೆಲ್ಲ ಹೋ ಎಂದು ನಕ್ಕಿತು. ಉಸ್ತಾ ತಲೆ ಮುಟ್ಟಿ ನೋಡಿಕೊಂಡು, ಕೂಸನ್ನು ತನ್ನಿ ಎಂದರು. ನಿದ್ದೆ ಹೋಗಿದ್ದ ಕೂಸು ಅವರ ತೊಡೆಯ ಮೇಲೆ ಮಲಗಿತು, ಹುಟ್ಟುಗೂದಲೆಲ್ಲ ಬಿಳಿ ವಸ್ತ್ರಕ್ಕೆ ಇಳಿಯಿತು, ಕೂಸು ಏಳಲಿಲ್ಲ. ನಾನು ಅತ್ತೆ. ಈರುಳ್ಳಿಯ ಹೊಗೆ ಎಂದು ಹೇಳಲು ಕಡಾಯಿ ದೂರವಿತ್ತು.

ಎಲ್ಲರೂ ಅಂಗೈ ಬಿಚ್ಚಿ ಪ್ರಾರ್ಥಿಸಿದ ಮೇಲೆ ಉಸ್ತಾ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಇದು ನಿನ್ನದು, ಏನು ಮಾಡಲಿ ಎಂದು ನನ್ನನ್ನು ಕೇಳಿದರು. ಅವಳಿಗೇ ಕಟ್ಟಿ ಎಂದೆ. ಅವರು ಅದನ್ನು ಸೊಸೆಯ ಸೊಂಟಕ್ಕೆ ಸುತ್ತಿದರು. ನಡುಗುವ ಕೈಗೆ ಗಂಟು ಬೀಳಲಿಲ್ಲ, ನಾನು ಬಿಗಿದೆ. ಆಗ ನನ್ನ ಕಿವಿ ಹಿಡಿದರು.

“ನಾಳೆ ಬೆಳಗ್ಗೆ ಒಂದು ಬೇಹಿ ಹಣ್ಣು ತಗೊಂಡ್ ಬಾ.”

“ನೀವು ಕಲಿಸ್ತೀರಾ ಉಸ್ತಾ?”

“ನಂಗೆಲ್ಲಿ ಕೈ ಇದೆಯೋ? ಅವಳು ಕಲಿಸ್ತಾಳೆ.”

ಇದೀಗ ನಮ್ಮ ಮನೆಯಲ್ಲಿ ಪಲಾವಿಗೂ ಬೇಹಿ, ಟೀಗೂ ಬೇಹಿ. ನಿನ್ನೆ ನಾನು ಬೋಳಿಸಿದ ಹಣ್ಣಿನ ಮೇಲೆ ಇವತ್ತು ಬೆಳಗ್ಗೆ ಮೂರು ಗೆರೆ ಇದ್ದವು. ಸಬೋಹತ್ ಅದನ್ನು ಎತ್ತಿಹಿಡಿದು ಓಣಿಗೆಲ್ಲ ಕೇಳುವಂತೆ ನಕ್ಕಳು, ಆಮೇಲೆ ಕಾಡಿಗೆ ಡಬ್ಬಿ ತಂದು ಕೊಟ್ಟಳು.