ಕಂಪನಿಗೆ ಬೇಡವಾದ ಚಾನೆಲ್ಲು

ಮೊನ್ನೆ ಹೆಂಡತಿ ಅಟ್ಟದಿಂದ ಹಳೆಯ ಮೈಕಿನ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಳು. ಧೂಳಿಗಿಂತ ಮೊದಲು ಲವಂಗದ ವಾಸನೆ ಬಂತು. ಒಳಗೆ ಪುಟ್ಟರಾಜುವಿನ ತಗಡಿನ ಡಬ್ಬಿ. ಲವಂಗದ ಮಾತಿರಲಿ, ಹೊಟ್ಟೆಕಿಚ್ಚು ಕೂಡ ಇಷ್ಟು ವರ್ಷ ಕೆಡದೆ ಉಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ, ಸ್ವಾಮಿ.

ತೊಂಬತ್ತರ ದಶಕದ ಕೊನೆಯಲ್ಲಿ ಎಚ್.ಡಿ. ಕೋಟೆಯಲ್ಲಿ ನನ್ನದೊಂದು ಕೇಬಲ್ ಚಾನೆಲ್ ಇತ್ತು. ಚಾನೆಲ್ ಎಂದರೆ ನಮ್ಮ ನಡುಮನೆ, ಒಂದು ಕ್ಯಾಮೆರಾ, ಹಿಂದೆ ಪರದೆಗೆ ಹೆಂಡತಿಯ ನೀಲಿ ಸೀರೆ. ಸಂಜೆ ನಾನೇ ಸುದ್ದಿ ಓದುತ್ತಿದ್ದೆ: ಕರೆಂಟು ಹೋಗುವ ಹೊತ್ತು, ಕಬಿನಿ ಅಣೆಕಟ್ಟೆಯ ನೀರು, ಯಾರದೋ ಮಗುವಿನ ಹುಟ್ಟುಹಬ್ಬ. ಹುಣಸೂರಿನಲ್ಲಿ ಗೆಳೆಯ ಪುಟ್ಟರಾಜು ಇದನ್ನೇ ಮಾಡುತ್ತಿದ್ದ. ಓದುವ ಮುಂಚೆ ಅವನ ಬಾಯಿಗೊಂದು ಲವಂಗ ಬೇಕು. ಅವನ ಕಂಠ ನನಗಿಂತ ಚೆನ್ನಾಗಿತ್ತು. ಅದೆಲ್ಲ ಲವಂಗದ ಮಹಿಮೆ ಎಂದುಕೊಂಡು ಸಮಾಧಾನಪಡುತ್ತಿದ್ದೆ.

ಆಗ ಬೆಂಗಳೂರಿನ ಒಂದು ಕಂಪನಿ ಸಣ್ಣ ಊರುಗಳ ಚಾನೆಲ್ಲುಗಳನ್ನು ಕೊಳ್ಳುತ್ತಾ ಬಂತು. ಮೊದಲು ಕೆ.ಆರ್. ನಗರ, ಆಮೇಲೆ ಪಿರಿಯಾಪಟ್ಟಣ, ಆಮೇಲೆ ಹುಣಸೂರು. ಪುಟ್ಟರಾಜು ಹೊಸ ಬೈಕು ಕೊಂಡ. ಫೋನ್ ಮಾಡಿ, "ಮುಂದ್ಲ ವಾರ ನಿನ್ ತಾವ್ಕೇ ಬತ್ತಾರೆ ಕಣ್ಲಾ, ರೆಡಿಯಾಗಿರು" ಎಂದ. ಮನೆಗೆ ಸುಣ್ಣ ಹೊಡೆಸಿದೆ, ನಾಟಿಕೋಳಿಗೆ ಹೇಳಿಟ್ಟೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಚಾನೆಲ್ಲಿನಲ್ಲೇ, ಸಿನಿಮಾದ ಕೆಳಗೆ, ‘ಕಂಪನಿಯ ಮಹನೀಯರಿಗೆ ಕೋಟೆ ಜನತೆಯ ಸುಸ್ವಾಗತ’ ಎಂದು ಹಗಲೂ ಇರುಳೂ ಓಡಿಸಿದೆ. ಊರಿಗೆ ಊರೇ ಓದಿತು. ಮಹನೀಯರು ಬರಲಿಲ್ಲ. ಕಾಡಂಚಿನ ತಾಲ್ಲೂಕು, ಚದುರಿದ ಮನೆಗಳು, ತಂತಿ ಎಳೆದರೆ ಗಿಟ್ಟುವುದಿಲ್ಲವಂತೆ. ಟೀ ಅಂಗಡಿಗೆ ಹೋದರೆ ಸಾಕು, "ಮಹನೀಯ್ರು ಹ್ಯಾಂಡ್‌ಪೋಸ್ಟ್ ಸರ್ಕಲ್ ದಾಟುದ್ರಾ ಸಾ?" ಎಂದು ಕೇಳುವರು.

ಪುಟ್ಟರಾಜುವನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ಅವನ ಬೈಕು ನಡುದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ದೇವರಿಗೆ ಕೈ ಮುಗಿದದ್ದೂ ಉಂಟು.

ವರ್ಷ ತಿರುಗುವುದರೊಳಗೆ ಕಂಪನಿ ಆ ಮೂರೂ ಊರಿನ ಸುದ್ದಿ ನಿಲ್ಲಿಸಿ ಬರೀ ಸಿನಿಮಾ ಹಾಕತೊಡಗಿತು. ಒಂದು ಭಾನುವಾರ ಪುಟ್ಟರಾಜು ಅದೇ ಬೈಕಿನಲ್ಲಿ, ಕೆಡದೆ, ನಮ್ಮ ಮನೆಗೆ ಬಂದ.

"ಒಂದ್ ಸಲ ನಾನ್ ಓದ್ತೀನಿ ಕಣ್ಲಾ. ಬಾಯ್ ಕಟ್ದಂಗಾಗದೆ."

ಇಲ್ಲವೆನ್ನುವ ಮನಸ್ಸಿತ್ತು, ಹೆಂಡತಿ ಆಗಲೇ ಕಾಫಿಗೆ ನೀರಿಟ್ಟಿದ್ದಳು. ಅಣೆಕಟ್ಟೆಯ ಸುದ್ದಿ ನಾನಿಟ್ಟುಕೊಂಡು, ಯಾರದೋ ಎಮ್ಮೆ ಕಳೆದುಹೋದದ್ದನ್ನು ಅವನಿಗೆ ಕೊಟ್ಟೆ. ಲವಂಗ ಬಾಯಿಗೆ ಹಾಕಿಕೊಂಡು ಓದಿದ. ಹೆಸರು ಗೌರಿ, ಒಂದು ಕೊಂಬು ಮೊಂಡು, ಕರೆದರೆ ತಿರುಗಿ ನೋಡುತ್ತಾಳೆ. ಮನೆಮಗಳೇ ಕಾಣೆಯಾದಳೇನೋ ಅನ್ನಿಸಿತು. ಹೆಂಡತಿ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಎಮ್ಮೆಯವನ ಫೋನು: "ಎಮ್ಮೆ ಸಿಕ್ತು ಸಾ! ಓದಿದ್ಯಾರು? ಇನ್ಮ್ಯಾಕೆ ಅವ್ರೇ ಓದ್ಲಿ ಬುಡಿ."

ಚಾನೆಲ್ ಮುಚ್ಚುವ ತನಕ ಭಾನುವಾರದ ಸುದ್ದಿ ಅವನದಾಯಿತು. ಎಲ್ಲಾದರೂ ತಡವರಿಸಲಿ ಎಂದು ನಾನು ಕ್ಯಾಮೆರಾ ಹಿಂದೆ ನಿಂತು ಕಾದೆ. ಒಮ್ಮೆಯೂ ತಡವರಿಸಲಿಲ್ಲ.

"ಬಿಸಾಕ್ಲಾ ಇದ್ನ?" ಮೊನ್ನೆ ಆ ಡಬ್ಬಿ ಹಿಡಿದು ಹೆಂಡತಿ ಕೇಳಿದಳು. ಮಿಕ್ಕ ದಿನವೆಲ್ಲ ಆ ಮೈಕಿನ ಮುಂದೆ ಕೂತವನು ನಾನು, ವಾಸನೆ ಮಾತ್ರ ಅವನದು! ಡಬ್ಬಿ ತೆರೆದು ಒಂದು ಲವಂಗ ಬಾಯಿಗೆ ಹಾಕಿಕೊಂಡೆ. ಗಂಟಲು ಸರಿಮಾಡಿಕೊಂಡು, "ಎಮ್ಮೆ ಕಾಣೆಯಾಗಿದೆ, ಹೆಸರು ಗೌರಿ..." ಎಂದು ಶುರುಮಾಡಿದೆ.

ಹೆಂಡತಿ ಒಂದು ಗಳಿಗೆ ಕೇಳಿದಳು. "ಪುಟ್ಟರಾಜಣ್ಣಂಗೇ ಫೋನ್ ಮಾಡಿ ಬುಡಿ" ಎಂದಳು.

ಮಾಡಿದೆ.